ಜೋಮು ಇಳಿದ ಮೇಲೆ

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯ ಹೆಣ್ಣುಮಗಳಿಗೆ ಸಿಸೇರಿಯನ್ ಆಗಬೇಕೆಂದರೆ ಹೊಸಕೋಟೆಯ ಸರ್ಕಾರಿ ಆಸ್ಪತ್ರೆಯೋ ಎಂವಿಜೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೋ ಹತ್ತಿರ. ಎಲ್ಲಿ ಹೋದರೂ ಬೆನ್ನಿಗೆ ಕೊಡುವ ಇಂಜೆಕ್ಷನ್ನಿನಲ್ಲಿ ಸಾಮಾನ್ಯವಾಗಿ ಇರುವುದು ಬುಪಿವಕೈನ್. ಎರಡು ಮಿಲಿಲೀಟರ್ ಆಸುಪಾಸಿನಷ್ಟು ಸಾಕು, ಎದೆಯ ಕೆಳಗೆಲ್ಲ ಜೋಮು ಹಿಡಿಯುತ್ತದೆ. ತಾಯಿ ಎಚ್ಚರವಿದ್ದೇ ಮಗುವಿನ ಅಳು ಕೇಳುತ್ತಾಳೆ. ಎರಡು ಮೂರು ಗಂಟೆಯಲ್ಲಿ ಜೋಮು ಇಳಿಯುತ್ತದೆ. ಹೊಲಿಗೆಯ ನೋವು ಶುರುವಾಗುವುದು ಆಗ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಸಿಸೇರಿಯನ್ ಪಾಲು 2015-16ರಲ್ಲಿ ಶೇ 23.6 ಇತ್ತು, 2019-21ರಲ್ಲಿ ಶೇ 31.5 ಆಯಿತು. ಹತ್ತರಲ್ಲಿ ಮೂವರು ಬಾಣಂತಿಯರು ಹಾಯುವ ನೋವನ್ನು 'ಅದು ಇದ್ದದ್ದೇ' ಎಂದು ತಳ್ಳಿಹಾಕುವುದು ಸರಿಯಲ್ಲ.

ಈ ನೋವಿಗೆ ಒಂದು ದಾರಿ 'ಟ್ಯಾಪ್ ಬ್ಲಾಕ್'. ಹೊಟ್ಟೆಯ ಗೋಡೆಯಲ್ಲಿ ಸ್ನಾಯುಗಳ ಪದರಗಳಿವೆ. ಒಳಗಿನ ಎರಡು ಪದರಗಳ ನಡುವೆ ಹಾಯುವ ನರಗಳೇ ಹೊಲಿಗೆಯ ನೋವನ್ನು ಹೊತ್ತೊಯ್ಯುವುದು. ಶಸ್ತ್ರಚಿಕಿತ್ಸೆ ಮುಗಿದೊಡನೆ ಎಡಕ್ಕೂ ಬಲಕ್ಕೂ ಆ ಪದರಗಳ ನಡುವೆ ಔಷಧ ಹರಡಿದರೆ ನರಗಳು ಹಲವು ಗಂಟೆ ಸುಮ್ಮನಿರುತ್ತವೆ. ಐರ್ಲೆಂಡಿನ ವೈದ್ಯರು 2008ರಲ್ಲಿ ಪ್ರಕಟಿಸಿದ, 50 ಬಾಣಂತಿಯರ ಪ್ರಯೋಗದಲ್ಲಿ ರೋಪಿವಕೈನ್ ಎಂಬ ಜೋಮಿನ ಔಷಧದ ಬ್ಲಾಕ್ ಪಡೆದವರಿಗೆ 48 ಗಂಟೆಯಲ್ಲಿ ಬೇಕಾದ ಮಾರ್ಫಿನ್ ಸರಾಸರಿ 18 ಮಿಲಿಗ್ರಾಂ, ಪಡೆಯದವರಿಗೆ 66. ಆದರೆ ಬೆನ್ನಿನ ಇಂಜೆಕ್ಷನ್ನಿನಲ್ಲೇ ಮಾರ್ಫಿನ್ ಸೇರಿಸಿದ್ದರೆ ಬ್ಲಾಕಿನಿಂದ ಹೆಚ್ಚಿನ ಲಾಭವಿಲ್ಲ ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ಮಾದಕ ವಸ್ತು ಕಾಯ್ದೆಯ ಕಟ್ಟುಪಾಡಿನಿಂದ ಮಾರ್ಫಿನ್ ಸುಲಭವಾಗಿ ಸಿಗದ ನಮ್ಮ ಸಣ್ಣ ಊರುಗಳಲ್ಲೇ ಈ ಬ್ಲಾಕಿಗೆ ಬೆಲೆ ಹೆಚ್ಚು.

ಹಾಗಾದರೆ ಬುಪಿವಕೈನೋ, ರೋಪಿವಕೈನೋ? ನೋವು ತಗ್ಗಿಸುವುದರಲ್ಲಿ ಇವೆರಡರ ಅಂತರ ಸಣ್ಣದು. ನಿಜವಾದ ಅಂತರ ಇರುವುದು ಹೃದಯದ ವಿಷಯದಲ್ಲಿ. 1957ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಬುಪಿವಕೈನ್ ರಕ್ತದಲ್ಲಿ ಮಿತಿ ಮೀರಿದರೆ ಹೃದಯದ ಬಡಿತವನ್ನೇ ಹಿಡಿದುಬಿಡುತ್ತದೆ. 1979ರಲ್ಲಿ ಅಮೆರಿಕದ ವೈದ್ಯರೊಬ್ಬರು ಇಂಥ ಸಾವುಗಳ ಬಗ್ಗೆ ಎಚ್ಚರಿಸಿದರು. 1984ರಲ್ಲಿ ಅಲ್ಲಿ ಹೆರಿಗೆಗೆ ಶೇ 0.75ರ ಬುಪಿವಕೈನ್ ಬಳಕೆ ನಿಂತಿತು. ಹೃದಯಕ್ಕೆ ಕಡಿಮೆ ಅಪಾಯದ ಔಷಧ ಹುಡುಕುತ್ತಾ ಹೋದಾಗ 1990ರ ದಶಕದಲ್ಲಿ ರೋಪಿವಕೈನ್ ಬಳಕೆಗೆ ಬಂತು. ಬೆನ್ನಿನ ಇಂಜೆಕ್ಷನ್ನಿಗೆ ಬೇಕಾದದ್ದು ಹತ್ತು ಮಿಲಿಗ್ರಾಂ ಆಸುಪಾಸು. ಅಲ್ಲಿ ಈ ಭಯ ಕಡಿಮೆ, ಬುಪಿವಕೈನೇ ಸಾಕು. ಬ್ಲಾಕಿನ ಲೆಕ್ಕವೇ ಬೇರೆ. ಶೇ 0.25ರ ಬುಪಿವಕೈನ್ ಒಂದೊಂದು ಬದಿಗೆ 20 ಮಿಲಿಲೀಟರ್ ಎಂದರೆ ಒಟ್ಟು 100 ಮಿಲಿಗ್ರಾಂ. ತೂಕದ ಕಿಲೋಗೆ ಎರಡು ಮಿಲಿಗ್ರಾಂ ಎಂಬ ಎಚ್ಚರದ ಮಿತಿ ಇಟ್ಟುಕೊಂಡರೆ 45 ಕಿಲೋ ತೂಗುವ ಹೆಣ್ಣಿಗೆ ಸಲ್ಲುವುದು 90. ಬಡತನದಲ್ಲಿ ಸೊರಗಿದ ಮೈಯವರು ನಮ್ಮಲ್ಲಿ ಎಷ್ಟು ಮಂದಿ! ಎಲ್ಲರಿಗೂ ಒಂದೇ ಅಳತೆಯ ಸಿರಿಂಜು ತುಂಬಿದರೆ ಮೊದಲು ಅಪಾಯಕ್ಕೆ ಸಿಗುವುದು ಅವರೇ. ಅಷ್ಟೇ ಶೇಕಡಾವಾರಿನ, ಅಷ್ಟೇ ಪ್ರಮಾಣದ ರೋಪಿವಕೈನ್ ಆದರೆ ಕಿಲೋಗೆ ಮೂರು ಮಿಲಿಗ್ರಾಂ ಮಿತಿಯಂತೆ 135ರವರೆಗೆ ಜಾಗವಿದೆ. ಆದ್ದರಿಂದ ಬ್ಲಾಕಿಗೆ ರೋಪಿವಕೈನ್ ಮೇಲು ಎಂಬುದು ನನ್ನ ವಾದ.

ಹಾಗೆಂದು ರೋಪಿವಕೈನ್ ನಂಬಿ ಮೈಮರೆಯುವಂತಿಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಿಲೋಗೆ 2.5 ಮಿಲಿಗ್ರಾಂನಂತೆ ಬ್ಲಾಕ್ ಪಡೆದ 30 ಬಾಣಂತಿಯರಲ್ಲಿ 12 ಮಂದಿಯ ರಕ್ತದಲ್ಲಿ ಔಷಧ ಅಪಾಯದ ಗೆರೆ ದಾಟಿತ್ತು. ಮೂವರಿಗೆ ನರಗಳ ಮೇಲಿನ ಸಣ್ಣ ಲಕ್ಷಣಗಳೂ ಕಂಡವು. ಬಸಿರಿನ ಮೈಗೆ ಈ ಔಷಧಗಳು ಬೇಗ ನಾಟುತ್ತವೆ. ಹಾಗಾಗಿ ತಾಯಿ ಕಾರ್ಡಿನಲ್ಲಿ ಬರೆದ ತೂಕ ಆಪರೇಷನ್ ಕೋಣೆಯಲ್ಲೂ ಕಣ್ಣೆದುರಿಗೆ ಇರಬೇಕು. ಏರುಪೇರಾದರೆ ಕೊಡುವ ಶೇ 20ರ ಕೊಬ್ಬಿನ ದ್ರಾವಣ ಅಲ್ಲೇ ಕೈಗೆ ಸಿಗಬೇಕು.

ಪದರಗಳ ನಡುವೆ ಸೂಜಿಯನ್ನು ಸರಿಯಾಗಿ ಇಳಿಸಲು ಅಲ್ಟ್ರಾಸೌಂಡ್ ಬೇಕಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಿಂದಾಗಿ ಪ್ರತಿ ಯಂತ್ರಕ್ಕೂ ನೋಂದಣಿ ಆಗಬೇಕು. ಅರಿವಳಿಕೆ ತಜ್ಞರು ನರ ಹುಡುಕುವುದಕ್ಕೆ ತರುವ ಯಂತ್ರಕ್ಕೂ ವಿನಾಯಿತಿ ಇಲ್ಲ. ಹೆಣ್ಣು ಭ್ರೂಣ ಉಳಿಸಲು ಬಂದ ಕಾನೂನನ್ನು ಸಡಿಲಿಸಿ ಎನ್ನಲಾರೆ. ಯಂತ್ರ ಇಲ್ಲದ ಕಡೆ ಶಸ್ತ್ರಚಿಕಿತ್ಸಕರೇ ಹೊಲಿಗೆ ಹಾಕುವ ಮುನ್ನ ಗಾಯದ ಅಂಚಿಗೆ ಔಷಧ ಹರಡಬಹುದು. ಇದಕ್ಕೆ ಯಾವ ಯಂತ್ರವೂ ಬೇಡ. ಬ್ಲಾಕ್ ಗರ್ಭಕೋಶದ ಒಳನೋವಿಗೆ ಮುಟ್ಟುವುದಿಲ್ಲ; ಅದಕ್ಕೆ ಪ್ಯಾರಸಿಟಮಾಲ್, ಡೈಕ್ಲೋಫಿನಾಕ್ ಹೊತ್ತು ಹೊತ್ತಿಗೆ ಬೇಕು. 'ನೋವಾದರೆ ಹೇಳಮ್ಮ' ಎಂದು ಹೇಳಿ ಕಾಯಿಸುವುದಲ್ಲ.

ಔಷಧ ಎದೆಹಾಲಿಗೆ ಇಳಿಯುತ್ತದೆಂಬ ಅಂಜಿಕೆ ಮನೆಗಳಲ್ಲಿದೆ. ಇಳಿಯುವುದು ಅತ್ಯಲ್ಪ, ಮಗುವಿನ ಕರುಳು ಅದನ್ನು ಹೀರಿಕೊಳ್ಳುವುದು ಇನ್ನೂ ಕಡಿಮೆ; ಹಾಲೂಡಿಸಲು ಅಡ್ಡಿಯಿಲ್ಲ. ತಾಯಿಯಾದವಳು ನೋವು ತಡೆಯಬೇಕು ಎನ್ನುವವರಿಗೆ 2008ರ ಒಂದು ಅಧ್ಯಯನ ಉತ್ತರ ಕೊಡುತ್ತದೆ: ಹೆರಿಗೆಯಾದ ಹೊಸತರಲ್ಲಿ ತೀವ್ರ ನೋವುಂಡವರಿಗೆ ಎಂಟು ವಾರದ ಮೇಲೂ ನೋವು ಉಳಿಯುವ ಸಂಭವ ಎರಡೂವರೆ ಪಟ್ಟು, ಖಿನ್ನತೆಯ ಸಂಭವ ಮೂರು ಪಟ್ಟು ಹೆಚ್ಚು. ಮಗ್ಗುಲಾಗಲು ಆಗದ ಬಾಣಂತಿ ಮಗುವನ್ನು ಎದೆಗೆ ಹೇಗೆ ತಂದುಕೊಳ್ಳಬೇಕು? ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನವೇ ಮನೆಯವರು ಕೇಳಬಹುದು: ಬೆನ್ನಿನ ಜೋಮು ಇಳಿದ ಮೇಲೆ ನೋವಿಗೆ ಏನು ಕೊಡುತ್ತೀರಿ, ಎಷ್ಟು ಹೊತ್ತಿಗೊಮ್ಮೆ ಕೊಡುತ್ತೀರಿ, ಡಾಕ್ಟ್ರೇ?