ಚಾಮಯ್ಯ ಮೇಷ್ಟ್ರ ಮೇಲೆ ನನಗೆ ಸಿಟ್ಟಿದೆ

‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರನ್ನು ಇಷ್ಟಪಡದ ಕನ್ನಡಿಗರು ಕಡಿಮೆ. ಶಿಕ್ಷಕರ ದಿನಾಚರಣೆ ಬಂತೆಂದರೆ ಕೆ.ಎಸ್. ಅಶ್ವಥ್ ಅವರ ಆ ಮುಖ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಗುರು ಅಂದರೆ ಹೀಗಿರಬೇಕು ಎನ್ನುತ್ತೇವೆ. ಅಶ್ವಥ್ ಅಂದರೆ ನನಗೂ ಪ್ರಾಣ. ಆದರೂ ಈ ಚಿತ್ರ ನೋಡಿದಾಗಲೆಲ್ಲ ಚಾಮಯ್ಯ ಮೇಷ್ಟ್ರ ಮೇಲೆ ನನಗೆ ಸಿಟ್ಟು ಬರುತ್ತದೆ. ವಯಸ್ಸಾದಂತೆ ಅದು ಹೆಚ್ಚುತ್ತಲೇ ಇದೆ.

ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ ತೆರೆ ಕಂಡದ್ದು 1972ರ ಡಿಸೆಂಬರ್ ಕೊನೆಯಲ್ಲಿ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಕಟ್ಟಿದ ಕಥೆ ಅದು. ವಿಷ್ಣುವರ್ಧನ್ ನಾಯಕರಾದದ್ದು, ಅಂಬರೀಶ್ ಮೊದಲ ಬಾರಿಗೆ ತೆರೆಗೆ ಬಂದದ್ದು, ಚಿತ್ರದುರ್ಗದ ಬಂಡೆಗಳು ಇಡೀ ನಾಡಿನ ಮನಸ್ಸಿನಲ್ಲಿ ಕೂತದ್ದು ಈ ಚಿತ್ರದಿಂದಲೇ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದರೆಂದು ತ.ರಾ.ಸು. ಬೇಸರಪಟ್ಟ ಸಂಗತಿ ಎಲ್ಲರಿಗೂ ಗೊತ್ತಿರುವುದೇ. ನನ್ನ ತಕರಾರು ಬೇರೆ. ಅದು ಅಲಮೇಲುವಿಗೆ ಸಂಬಂಧಿಸಿದ್ದು.

ಕಥೆಯನ್ನು ಒಮ್ಮೆ ಅವಳ ಕಡೆಯಿಂದ ನೋಡಿ. ಜಲೀಲನೆಂಬವನು ಬೀದಿಯಲ್ಲಿ ಅವಳನ್ನು ಪೀಡಿಸುತ್ತಾನೆ. ಅವನ ಕಾಟ ತಪ್ಪಿಸಿದರೆ ತಂಗಿಯನ್ನೇ ಮದುವೆ ಮಾಡಿಕೊಡುತ್ತೇನೆಂದು ಅಣ್ಣ ವರದ, ಕಥಾನಾಯಕ ರಾಮಾಚಾರಿಗೆ ಮಾತು ಕೊಡುತ್ತಾನೆ. ಆ ಮಾತು ಕೊಡುವ ಮೊದಲು ಅವಳನ್ನು ಯಾರೂ ಕೇಳುವುದಿಲ್ಲ. ರಾಮಾಚಾರಿ ಜಲೀಲನಿಗೆ ಬುದ್ಧಿ ಕಲಿಸುತ್ತಾನೆ, ಅಲಮೇಲು ಅವನಿಗೆ ಮನಸ್ಸು ಕೊಡುತ್ತಾಳೆ. ಜಾತಿಯ ಪ್ರಶ್ನೆ ಎದ್ದಾಗ ವರದನ ಧೈರ್ಯ ಉಡುಗುತ್ತದೆ. ಆಗ ಬರುತ್ತಾರೆ ಚಾಮಯ್ಯ ಮೇಷ್ಟ್ರು. ಅವಳನ್ನು ಮರೆತುಬಿಡು ಅನ್ನುತ್ತಾರೆ. ಊರಿಗೆಲ್ಲ ಹೆಡೆಯೆತ್ತುವ ಹುಡುಗ ಅವರೆದುರು ತಲೆ ತಗ್ಗಿಸುತ್ತಾನೆ. ಅಲಮೇಲುವಿಗೆ ಬೇರೆ ಕಡೆ ಮದುವೆಯಾಗುತ್ತದೆ.

ಇಲ್ಲಿ ಅಶ್ವಥ್ ಅವರ ಅಭಿನಯವನ್ನು ಎಷ್ಟು ಹೊಗಳಿದರೂ ಸಾಲದು. ಅವರು ಗದರುವುದಿಲ್ಲ, ಹೆದರಿಸುವುದಿಲ್ಲ. ದನಿಯಲ್ಲಿ ಪ್ರೀತಿ ತುಂಬಿಕೊಂಡೇ ಕೇಳುತ್ತಾರೆ. ಕಾಲೇಜು ಪುಂಡನೆಂದು ಹೊರಗಟ್ಟಿದ ಹುಡುಗನನ್ನು ಮಗನಂತೆ ಕಂಡವರು ಮಕ್ಕಳಿಲ್ಲದ ಆ ಮೇಷ್ಟ್ರು ಮತ್ತು ತುಂಗಮ್ಮ. ಅಂಥವರು ಕೇಳಿದಾಗ ಇಲ್ಲ ಅನ್ನುವುದು ಹೇಗೆ? ಪ್ರೇಕ್ಷಕರಾದ ನಮಗೂ ಆಗುವುದಿಲ್ಲ. ಆ ದನಿಯ ಮಾಧುರ್ಯದಲ್ಲಿ ಒಂದು ವಿಷಯವನ್ನು ನಾವು ಗಮನಿಸದೇ ಹೋಗುತ್ತೇವೆ. ಮೇಷ್ಟ್ರು ತ್ಯಾಗ ಕೇಳಿದ್ದು ರಾಮಾಚಾರಿಯಿಂದ, ಆದರೆ ಬೆಲೆ ತೆತ್ತವಳು ಅಲಮೇಲು.

ಆ ಬೆಲೆ ಎಷ್ಟೆಂದು ಪುಟ್ಟಣ್ಣ ಮುಚ್ಚುಮರೆಯಿಲ್ಲದೆ ತೋರಿಸುತ್ತಾರೆ. ಚಿತ್ರದ ಮೊದಲರ್ಧದಲ್ಲಿ ಪಿ.ಬಿ. ಶ್ರೀನಿವಾಸ್ ದನಿಯ ಒಂದು ಹಾಡಿದೆ. ಅದರಲ್ಲಿ ಅಲಮೇಲು ಪಾತ್ರದ ಆರತಿ ನಿಧಾನಗತಿಯಲ್ಲಿ ಓಡಿ ಬರುತ್ತಾರೆ, ಸೆರಗು ಗಾಳಿಯಲ್ಲಿ ತೇಲುತ್ತದೆ, ಕಾಲು ನೆಲಕ್ಕೇ ತಾಗುತ್ತಿಲ್ಲವೇನೋ ಅನ್ನಿಸುತ್ತದೆ. ಆ ಕಾಲದ ಕನ್ನಡ ಪ್ರೇಕ್ಷಕರಿಗೆ ಅದು ಹೊಸ ಬೆರಗು. ಮುಂದೆ ದೂರದ ಊರಿನ ಹೋಟೆಲಿನಲ್ಲಿ ರಾಮಾಚಾರಿಗೆ ಅದೇ ಅಲಮೇಲು ಎದುರಾಗುತ್ತಾಳೆ, ವೇಶ್ಯೆಯಾಗಿ. ಜಾತಿ ನೋಡಿ ತಂದ ಗಂಡನೇ ಅವಳನ್ನು ಆ ಕೂಪಕ್ಕೆ ನೂಕಿದ್ದಾನೆ. ಈ ಎರಡು ದೃಶ್ಯಗಳನ್ನು ಜೊತೆಗಿಟ್ಟು ನೋಡಿದರೆ ಚಿತ್ರದಲ್ಲಿ ನಡೆದ ದೊಡ್ಡ ಅನ್ಯಾಯ ಯಾವುದೆಂದು ತಿಳಿಯುತ್ತದೆ. ಹೋಟೆಲಿನ ಆ ದೃಶ್ಯ ಬಂದಾಗ ನನಗೆ ಇವತ್ತಿಗೂ ಹೊಟ್ಟೆ ಕಿವುಚಿದಂತಾಗುತ್ತದೆ. ಇದೇ ಚಿತ್ರದ ಓಬವ್ವನ ಹಾಡಿಗೆ ರೋಮಾಂಚನಗೊಂಡವರು ಈ ದೃಶ್ಯದ ಬಗ್ಗೆ ಮಾತಾಡುವುದನ್ನು ನಾನು ಅಷ್ಟಾಗಿ ಕೇಳಿಲ್ಲ.

ಇಷ್ಟಾದ ಮೇಲೂ ಮೇಷ್ಟ್ರು ಬದಲಾಗುವುದಿಲ್ಲ. ರಾಮಾಚಾರಿ ಕ್ರೈಸ್ತ ಹುಡುಗಿ ಮಾರ್ಗರೆಟ್‌ಳನ್ನು ಮದುವೆಯಾಗಲು ಹೊರಟಾಗ ಮತ್ತೆ ಬೆಟ್ಟ ಹತ್ತಿ ಬಂದು ಅಡ್ಡ ನಿಲ್ಲುತ್ತಾರೆ. ಮೊದಲು ಜಾತಿ, ಈಗ ಧರ್ಮ. ಅಲಮೇಲುವಿನ ಬಾಳು ಹಾಳಾದದ್ದನ್ನು ಶಿಷ್ಯ ಎತ್ತಿ ಆಡಿದರೂ ಅವರ ಹಟ ಸಡಿಲುವುದಿಲ್ಲ. ವಾದ ಬೆಳೆಯುತ್ತದೆ, ಶಿಷ್ಯನ ಕೈ ತಾಗಿ ಮೇಷ್ಟ್ರು ಕೆಳಗುರುಳುತ್ತಾರೆ. ಹಿಂದೆಯೇ ರಾಮಾಚಾರಿ, ಮಾರ್ಗರೆಟ್ ಇಬ್ಬರೂ ಧುಮುಕುತ್ತಾರೆ. ಚಿತ್ರಮಂದಿರಕ್ಕೆ ಚಿತ್ರಮಂದಿರವೇ ಗುರು–ಶಿಷ್ಯರಿಗಾಗಿ ಅಳುತ್ತದೆ. ಆ ಹೊತ್ತಿಗೆ ಅಲಮೇಲು ಎಲ್ಲಿದ್ದಾಳೆಂದು ಕೇಳುವವರಿಲ್ಲ.

‘ಗೆಜ್ಜೆಪೂಜೆ’ಯ ಚಂದ್ರಾ, ‘ಶರಪಂಜರ’ದ ಕಾವೇರಿಯನ್ನು ಕಣ್ಣಿಗೆ ಕಟ್ಟುವಂತೆ ತಂದವರು ಇದೇ ಪುಟ್ಟಣ್ಣ. ಹುಷಾರಾಗಿ ಮನೆಗೆ ಮರಳಿದ ಕಾವೇರಿಯನ್ನು ಎಲ್ಲರೂ ಹುಚ್ಚಿಯೆಂದೇ ನೋಡುವಾಗ ಕ್ಯಾಮೆರಾ ಅವಳ ಪಕ್ಕ ಬಿಟ್ಟು ಕದಲುವುದಿಲ್ಲ. ‘ನಾಗರಹಾವು’ ಬಂದದ್ದು ಅದರ ಮರುವರ್ಷವೇ. ಹಾಗಾಗಿ ಅಲಮೇಲುವಿನ ಪಕ್ಕ ಇನ್ನೊಂದಿಷ್ಟು ಹೊತ್ತು ನಿಲ್ಲಬಾರದಿತ್ತೇ ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ. ಇದು ಪುಟ್ಟಣ್ಣನವರನ್ನು ಬಹುವಾಗಿ ಮೆಚ್ಚುವವಳ ಮಾತು.

ಐದು ವರ್ಷಗಳ ನಂತರ, 1977ರಲ್ಲಿ, ಕನ್ನಡ ಇನ್ನೊಬ್ಬ ಗುರುವನ್ನು ಕಂಡಿತು. ಯು.ಆರ್. ಅನಂತಮೂರ್ತಿಯವರ ಕಥೆ ಆಧರಿಸಿ ಗಿರೀಶ ಕಾಸರವಳ್ಳಿ ಮಾಡಿದ ‘ಘಟಶ್ರಾದ್ಧ’ದ ಉಡುಪರು ವೇದಪಾಠ ಹೇಳಿಕೊಡುವವರು. ಅವರ ವಿಧವೆ ಮಗಳು ಯಮುನಕ್ಕ ಬಸಿರಾಗುತ್ತಾಳೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಜಾತಿಯಿಂದ ಹೊರಹಾಕುತ್ತಾರೆ. ಇದನ್ನೆಲ್ಲ ನಾವು ನೋಡುವುದು ಪಾಠಕ್ಕೆ ಬಂದಿರುವ ಪುಟ್ಟ ಹುಡುಗ ನಾಣಿಯ ಕಣ್ಣಿನಿಂದ. ಯಮುನಕ್ಕ ಸಾಯಲೆಂದು ಹುತ್ತಕ್ಕೆ ಕೈ ಹಾಕುವಾಗ ಅವಳ ಜೊತೆ ಇರುವವನು ಆ ಮಗು ಮಾತ್ರ. ಕೊನೆಯಲ್ಲಿ, ತಲೆ ಬೋಳಿಸಿಕೊಂಡು ಮರದಡಿ ಕೂತ ಅವಳನ್ನು ತಿರುತಿರುಗಿ ನೋಡುತ್ತ ಅವನು ಅಪ್ಪನ ಜೊತೆ ಹೊರಟುಹೋಗುತ್ತಾನೆ. ಈ ಚಿತ್ರಕ್ಕೆ ಸ್ವರ್ಣಕಮಲ ಬಂತು. 2024ರಲ್ಲಿ ಪುನಶ್ಚೇತನಗೊಳಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಅದೆಲ್ಲ ಸಂತೋಷವೇ. ಆದರೆ ನನ್ನನ್ನು ಈ ಚಿತ್ರಕ್ಕೆ ಮತ್ತೆ ಮತ್ತೆ ಎಳೆದು ತರುವುದು ನಾಣಿಯ ಮುಖ. ಆ ಪಾತ್ರ ಮಾಡಿದ ಅಜಿತ್ ಕುಮಾರ್‌ಗೆ ರಾಷ್ಟ್ರಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

ಉಡುಪರಿಗಾಗಿ ಯಾರೂ ಅಳುವುದಿಲ್ಲ. ಚಾಮಯ್ಯ ಮೇಷ್ಟ್ರಿಗಾಗಿ ಎಲ್ಲರೂ ಅಳುತ್ತಾರೆ. ಇಬ್ಬರೂ ಕಾಪಾಡಿದ್ದು ಅದೇ ಕಟ್ಟಳೆಯನ್ನು. ಒಬ್ಬರು ಮಂತ್ರ ಹೇಳಿ, ಇನ್ನೊಬ್ಬರು ಮಮತೆಯಿಂದ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಭಯವಾಗುವುದು ಎರಡನೆಯದರ ಬಗ್ಗೆಯೇ. ಉಡುಪರಂಥವರನ್ನು ಎದುರಿಸಬಹುದು, ಅವರ ನಿಷ್ಠುರತೆ ಕಣ್ಣಿಗೆ ಕಾಣುತ್ತದೆ. ಅಕ್ಕರೆಯಿಂದ ಬೆಳೆಸಿದವರು ಕಣ್ಣೀರಿಟ್ಟು ಅವಳನ್ನು ಬಿಟ್ಟುಬಿಡು ಅಂದಾಗ ಮಕ್ಕಳ ಬಾಯಿ ಕಟ್ಟಿಹೋಗುತ್ತದೆ. ಇವತ್ತಿಗೂ ನಮ್ಮ ಎಷ್ಟೋ ಮನೆಗಳಲ್ಲಿ ಪ್ರೇಮವಿವಾಹಗಳು ಮುರಿದುಬೀಳುವುದು ಹೀಗೆಯೇ.

ಹಾಗಂತ ‘ನಾಗರಹಾವು’ ನನ್ನ ಕಣ್ಣಿನಲ್ಲಿ ಸಣ್ಣದಾಗಿಲ್ಲ. ಅರ್ಧ ಶತಮಾನ ಕಳೆದರೂ ಒಂದು ಪಾತ್ರದ ಮೇಲೆ ಮನೆಯವರ ಮೇಲೆ ಬಂದಷ್ಟೇ ಸಿಟ್ಟು ಬರುತ್ತದೆಂದರೆ ಆ ಪಾತ್ರಕ್ಕೆ ಜೀವವಿದೆ. ವಿಷ್ಣು, ಅಶ್ವಥ್, ಆರತಿ, ಲೀಲಾವತಿ, ಶಿವರಾಂ, ಇವರಲ್ಲಿ ಒಬ್ಬರೂ ನಟಿಸುತ್ತಿದ್ದಾರೆ ಅನ್ನಿಸುವುದಿಲ್ಲ.

ಮುಂದಿನ ಸಲ ಟಿವಿಯಲ್ಲಿ ಈ ಚಿತ್ರ ಬಂದಾಗ ಓಬವ್ವನ ಹಾಡು ಮುಗಿಯಿತೆಂದು ಎದ್ದು ಹೋಗಬೇಡಿ. ಹೋಟೆಲಿನ ದೃಶ್ಯದವರೆಗೆ ಕೂತು ನೋಡಿ. ಮನೆಯಲ್ಲಿ ಬೆಳೆದ ಮಗಳಿದ್ದರೆ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಚಿತ್ರ ಮುಗಿದ ಮೇಲೆ ಮೇಷ್ಟ್ರು ಮಾಡಿದ್ದು ಸರಿಯೇ ಎಂದು ಅವಳನ್ನೇ ಕೇಳಿ.