ಆಂಗಲ್ ಗ್ರೈಂಡರ್: ವೈರ್ ಬೇಕೇ, ಬ್ಯಾಟರಿ ಸಾಕೇ?

ಗೇಟು, ಕಿಟಕಿ ಗ್ರಿಲ್ಲು ತಯಾರಿಸುವ ವೆಲ್ಡಿಂಗ್ ಅಂಗಡಿಯ ಮುಂದೆ ಹಾದುಹೋಗುವಾಗ ಕಿವಿಗಡಚಿಕ್ಕುವ ಸದ್ದಿನೊಂದಿಗೆ ಕಿಡಿಗಳು ಚಿಮ್ಮುವುದನ್ನು ನೀವು ಕಂಡಿರುತ್ತೀರಿ. ಅದು ಆಂಗಲ್ ಗ್ರೈಂಡರ್. ಕಬ್ಬಿಣದ ಸರಳು ಕತ್ತರಿಸಲು, ವೆಲ್ಡಿಂಗ್‌ನ ಗಂಟುಗಳನ್ನು ಉಜ್ಜಿ ಸಮ ಮಾಡಲು, ಟೈಲ್ಸ್ ಕೊಯ್ಯಲು ಇದೇ ಬೇಕು. ಈಗ ಪ್ಲಗ್ ಹಾಕದೆ ಬ್ಯಾಟರಿಯಿಂದಲೇ ಓಡುವ ಗ್ರೈಂಡರ್‌ಗಳೂ ಸಿಗುತ್ತವೆ. ಶಾಲೆಯ ಕಾರ್ಯಾಗಾರಕ್ಕೋ ಸ್ವಂತ ಉದ್ಯೋಗಕ್ಕೋ ಒಂದನ್ನು ಕೊಳ್ಳುವುದಾದರೆ ಯಾವುದು? ಹೈಸ್ಕೂಲಿನ ವಿದ್ಯುತ್ ಪಾಠದ ಒಂದೆರಡು ಸೂತ್ರಗಳಿಂದಲೇ ಉತ್ತರದ ಬಹುಪಾಲು ಸಿಗುತ್ತದೆ.

ಮೊದಲು ಒಳಗೇನಿದೆ ನೋಡೋಣ. ವೈರಿನ ಗ್ರೈಂಡರ್‌ನಲ್ಲಿ ಸಾಮಾನ್ಯವಾಗಿ ಇರುವುದು ಅಡುಗೆಮನೆಯ ಮಿಕ್ಸಿಯಲ್ಲಿರುವಂಥದೇ ಯೂನಿವರ್ಸಲ್ ಮೋಟಾರು. ತಿರುಗುವ ಸುರುಳಿಗೆ ಎರಡು ಕಾರ್ಬನ್ ಬ್ರಶ್‌ಗಳ ಮೂಲಕ ವಿದ್ಯುತ್ ಹರಿಯುತ್ತದೆ. ಬ್ರಶ್ ಸವೆಯುತ್ತದೆ, ಆದರೆ ಬದಲಿಸುವುದು ಸುಲಭ, ಖರ್ಚೂ ಕಡಿಮೆ. ಮೋಟಾರಿನ ಮುಂದಿರುವ ಒಂದು ಜೊತೆ ಬೆವೆಲ್ ಗಿಯರ್ ಚಲನೆಯನ್ನು 90 ಡಿಗ್ರಿ ಹೊರಳಿಸುತ್ತದೆ. 'ಆಂಗಲ್' ಎಂಬ ಹೆಸರು ಬಂದದ್ದು ಹೀಗೆ. ಬ್ಯಾಟರಿ ಗ್ರೈಂಡರ್‌ಗಳಲ್ಲಿ ಒಳ್ಳೆಯವುಗಳಿಗೆ ಬ್ರಶ್ ಇರುವುದಿಲ್ಲ. ತಿರುಗುವ ಭಾಗದಲ್ಲಿ ಶಾಶ್ವತ ಕಾಂತಗಳಿರುತ್ತವೆ. ಸುತ್ತಲಿನ ಸುರುಳಿಗಳಿಗೆ ಎಲೆಕ್ಟ್ರಾನಿಕ್ ಮಂಡಲವೊಂದು ಸರದಿಯಂತೆ ವಿದ್ಯುತ್ ಹಾಯಿಸುತ್ತದೆ. ಇದರಲ್ಲಿ ಪೋಲಾಗುವ ಶಕ್ತಿ ಕಡಿಮೆ. ಶಕ್ತಿಯ ಬುತ್ತಿಯನ್ನು ಬೆನ್ನಿಗೆ ಕಟ್ಟಿಕೊಂಡಿರುವ ಯಂತ್ರಕ್ಕೆ ಅದು ದೊಡ್ಡ ಉಳಿತಾಯ.

ಆ ಬುತ್ತಿ ಎಷ್ಟು ದೊಡ್ಡದು? ಬ್ಯಾಟರಿಯ ಮೇಲೆ 18 ವೋಲ್ಟ್, 5 ಆಂಪೇರ್-ಗಂಟೆ ಎಂದಿದ್ದರೆ ಎರಡನ್ನೂ ಗುಣಿಸಿ: 90 ವಾಟ್-ಗಂಟೆ. (ಕೆಲವು ಕಂಪನಿಗಳು ಇಂಥದೇ ಬ್ಯಾಟರಿಗೆ 20 ವೋಲ್ಟ್ ಎಂಬ ಚೀಟಿ ಅಂಟಿಸುತ್ತವೆ. ಒಳಗಿರುವುದು ಸರಣಿಯಲ್ಲಿ ಜೋಡಿಸಿದ ಐದು ಹಂತದ ಲಿಥಿಯಂ-ಅಯಾನ್ ಕೋಶಗಳೇ. ಪೂರ್ತಿ ಚಾರ್ಜ್ ಆದಾಗ ಒಂದೊಂದೂ 4 ವೋಲ್ಟ್ ದಾಟುತ್ತದೆ, ಕೆಲಸ ಮಾಡುವಾಗಿನ ಸರಾಸರಿ ಸುಮಾರು 3.6 ವೋಲ್ಟ್. ಹೆಚ್ಚಿನ ಬೆಲೆ ತೆರಲು ಇದು ಕಾರಣವಾಗಬಾರದು.) ಗ್ರೈಂಡರ್ ಸತತವಾಗಿ 600 ವಾಟ್ ಎಳೆದರೆ ಈ 90 ವಾಟ್-ಗಂಟೆ ಮುಗಿಯುವುದು 9 ನಿಮಿಷದಲ್ಲಿ. ದೊಡ್ಡ ಗೇಟೊಂದನ್ನು ಉಜ್ಜುವವರಿಗೆ ಇದು ಎಲ್ಲಿ ಸಾಲುತ್ತದೆ? ಆದರೆ ಒಂದು ಸರಳು ತುಂಡರಿಸಲು 6 ಸೆಕೆಂಡು ಬೇಕು ಎಂದಿಟ್ಟುಕೊಳ್ಳಿ. 600 ವಾಟ್‌ಗೆ ಅದು 3,600 ಜೌಲ್, ಅಂದರೆ ಸರಿಯಾಗಿ 1 ವಾಟ್-ಗಂಟೆ. ನಷ್ಟಗಳನ್ನು ಕಳೆದರೂ ಹತ್ತಾರು ಸರಳುಗಳನ್ನು ಕತ್ತರಿಸಬಹುದು.

ಇನ್ನೊಂದು ಲೆಕ್ಕವಿದೆ, ಅದನ್ನು ಮಾರುವವರು ಹೇಳುವುದಿಲ್ಲ. 600 ವಾಟ್ ಪಡೆಯಲು 230 ವೋಲ್ಟ್‌ನಲ್ಲಿ ಸುಮಾರು 2.6 ಆಂಪೇರ್ ಸಾಕು. 18 ವೋಲ್ಟ್‌ನಲ್ಲಿ 33 ಆಂಪೇರ್ ಬೇಕು. ಪ್ರವಾಹ 13 ಪಟ್ಟು. ಶಾಖ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಅಷ್ಟೇ ರೋಧವಿದ್ದರೆ ಶಾಖ 160 ಪಟ್ಟಿಗೂ ಹೆಚ್ಚು! ಬ್ಯಾಟರಿಯೊಳಗಿನ ರೋಧ ಬಹಳ ಚಿಕ್ಕದಾಗಿರಬೇಕಾದದ್ದು ಇದಕ್ಕೇ. ಆದರೂ ಒತ್ತಿ ಉಜ್ಜಿದರೆ ಬ್ಯಾಟರಿ ಬಿಸಿಯೇರುತ್ತದೆ, ರಕ್ಷಣಾ ಮಂಡಲ ಯಂತ್ರವನ್ನು ನಿಲ್ಲಿಸಿಬಿಡುತ್ತದೆ. ಬಿಸಿ ಬ್ಯಾಟರಿಯನ್ನು ತಣಿಸಿಯೇ ಚಾರ್ಜ್ ಮಾಡಬೇಕು. ಪದೇ ಪದೇ ಬಿಸಿಯಾದಷ್ಟೂ ಅದರ ಆಯುಸ್ಸು ಕಡಿಮೆ. ಬದಲಿ ಬ್ಯಾಟರಿಯ ಬೆಲೆ ಹಲವು ವೇಳೆ ಸಾಧಾರಣ ವೈರಿನ ಗ್ರೈಂಡರ್‌ನ ಬೆಲೆಯನ್ನೇ ಮೀರುತ್ತದೆ.

ಹೀಗಾಗಿ ದಿನವಿಡೀ ಉಜ್ಜುವ ಅಂಗಡಿಗೆ ವೈರಿನದೇ ಸರಿ. ತಾರಸಿಯ ಮೇಲೆ, ತೋಟದ ಬೇಲಿಯ ಬಳಿ, ಕರೆಂಟ್ ಬಾರದ ಹೊಸ ಕಟ್ಟಡದಲ್ಲಿ ನಾಲ್ಕಾರು ಸರಳು ಕತ್ತರಿಸುವವರಿಗೆ ಬ್ಯಾಟರಿಯದು ಮೇಲು. ಶಾಲೆಗೆ ನಾನಂತೂ ವೈರಿನದನ್ನೇ ಹೇಳುತ್ತೇನೆ, 30 ಮಿಲಿಆಂಪೇರ್‌ನ ಆರ್‌ಸಿಸಿಬಿ ಇರುವ ಸಾಕೆಟ್‌ಗೆ ಜೋಡಿಸುವುದಾದರೆ ಮಾತ್ರ. ತಿರುಗುವ ಡಿಸ್ಕ್ ತನ್ನದೇ ವೈರನ್ನು ಕತ್ತರಿಸಿದ ಪ್ರಸಂಗಗಳು ಹೊಸತಲ್ಲ.

ಬ್ಯಾಟರಿಯದಾದರೆ ಅಪಾಯವಿಲ್ಲ ಎಂದುಕೊಳ್ಳಬೇಡಿ. ಗೋಡೆ ಕೊಯ್ಯುವಾಗ ಒಳಗಿನ ವಿದ್ಯುತ್ ತಂತಿ ತಗುಲಿದರೆ ಅದರಿಂದಲೂ ಷಾಕ್ ಹೊಡೆಯಬಹುದು. ಡಿಸ್ಕ್‌ನ ವೇಗವೂ ಎರಡರಲ್ಲಿ ಹೆಚ್ಚುಕಡಿಮೆ ಒಂದೇ. 100 ಮಿಲಿಮೀಟರ್ ವ್ಯಾಸದ ಡಿಸ್ಕ್ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು. ಗಾರ್ಡ್ ಬಿಚ್ಚಿ, ಗರಿಷ್ಠ 8,500 ಸುತ್ತು ಎಂದು ಬರೆದಿರುವ 180 ಮಿಲಿಮೀಟರ್ ಡಿಸ್ಕ್ ಅನ್ನು ಇದೇ ಯಂತ್ರಕ್ಕೆ ಸಿಕ್ಕಿಸುವವರಿದ್ದಾರೆ. ಡಿಸ್ಕ್ ಅನ್ನು ಸೀಳಲೆಳೆಯುವ ಬಲ ವೇಗದ ವರ್ಗದಂತೆ ಏರಿ, ಅನುಮತಿಸಿದ್ದರ 1.7 ಪಟ್ಟಿನಷ್ಟಾಗುತ್ತದೆ. ಒಡೆದ ಚೂರು ಹಾರುವುದು ಮುಖದ ಕಡೆಗೂ ಆಗಬಹುದು. ಕತ್ತರಿಸುವ ಡಿಸ್ಕ್‌ನ ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅಂಟಾಗಿರುವ ರಾಳ ಕಾಲಕ್ರಮದಲ್ಲಿ ದುರ್ಬಲವಾಗುವುದರಿಂದ ತಯಾರಾಗಿ ಮೂರು ವರ್ಷ ಕಳೆದ ಡಿಸ್ಕ್ ಅನ್ನು, ಹೊಸದರಂತೆ ಕಂಡರೂ, ಬಳಸಬಾರದು. ಕೊಳ್ಳುವಾಗಲೇ ಆ ಬಳೆಯನ್ನು ಓದಿ.