ತೊಗರಿಯ ಬೇರುಗಂಟು ಮತ್ತು ಸಂಶೋಧನಾ ಲೇಖನಗಳ ವ್ಯಾಸಂಗ

ಆಳಂದ ಸೀಮೆಯಲ್ಲಿ ತೊಗರಿಯನ್ನು ಅರಿಯದವರಿಲ್ಲ. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಖಜೂರಿಯ ಹೊಲದಲ್ಲಿ ಎಳೆಯ ತೊಗರಿಗಿಡವನ್ನು ಬೇರುಸಹಿತ ಮೆಲ್ಲನೆ ಕಿತ್ತು ನೋಡಿದರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಬಲಿತ ಗಂಟನ್ನು ಸೀಳಿದರೆ ಒಳಗೆ ನಸುಗೆಂಪು ಬಣ್ಣವಿರುತ್ತದೆ. ಜೀವರಸಾಯನ ಶಾಸ್ತ್ರದ ಜಟಿಲ ಪ್ರಶ್ನೆಗಳಲ್ಲೊಂದು ಆ ಗಂಟಿನೊಳಗೆ ಅಡಗಿದೆ.

ಗಂಟಿನಲ್ಲಿ ನೆಲೆಸಿದ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಅಮೋನಿಯವನ್ನಾಗಿ ಮಾರ್ಪಡಿಸಿ ಗಿಡಕ್ಕೆ ಒದಗಿಸುತ್ತವೆ. ಗೊಬ್ಬರದ ಕಾರ್ಖಾನೆಯಲ್ಲಿ ಇದೇ ಕಾರ್ಯಕ್ಕೆ ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ನೂರಾರು ಪಟ್ಟು ವಾಯುಭಾರದ ಒತ್ತಡವೂ ಬೇಕು. ಸೂಕ್ಷ್ಮಾಣುವಾದರೋ ನೈಟ್ರೋಜಿನೇಸ್ ಎಂಬ ಕಿಣ್ವದ ನೆರವಿನಿಂದ ಮಣ್ಣಿನ ಸಹಜ ಉಷ್ಣತೆಯಲ್ಲಿಯೇ ಇದನ್ನು ಸಾಧಿಸುತ್ತದೆ. ಒಂದು ಸಾರಜನಕ ಅಣುವಿಗೆ ಕನಿಷ್ಠ 16 ಎ.ಟಿ.ಪಿ. ಅಣುಗಳು ವ್ಯಯವಾಗುತ್ತವೆ. ಆಮ್ಲಜನಕ ತಗುಲಿದರೆ ಕಿಣ್ವ ಕೆಡುತ್ತದೆ. ಮುಕ್ತ ಆಮ್ಲಜನಕವನ್ನು ಹಿಡಿದಿಟ್ಟು ಹದದಲ್ಲಿರಿಸುವ ಲೆಗ್‌ಹಿಮೋಗ್ಲೋಬಿನ್ನೇ ಗಂಟಿನ ನಸುಗೆಂಪಿಗೆ ಕಾರಣ.

ಪಠ್ಯಪುಸ್ತಕ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಮುಂದಿನ ಕಥೆ ಸಂಶೋಧನಾ ಲೇಖನಗಳಲ್ಲಿದೆ. ಮಣ್ಣಿನಲ್ಲಿ ಸ್ವತಂತ್ರವಾಗಿ ಬಾಳುವ ಅಜೋಟೋಬ್ಯಾಕ್ಟರ್ ಎಂಬ ಸೂಕ್ಷ್ಮಾಣುವಿನಿಂದ ಪಡೆದ ಈ ಕಿಣ್ವದ ರಚನೆಯನ್ನು 1992ರಲ್ಲಿ ಅಮೆರಿಕದ ಕಿಮ್ ಮತ್ತು ರೀಸ್ ಪ್ರಕಟಿಸಿದರು. ಕಬ್ಬಿಣ, ಮಾಲಿಬ್ಡಿನಂ ಮತ್ತು ಗಂಧಕಗಳ ಗುಚ್ಛದ ನಡುವೆ ಬರಿಯ ಟೊಳ್ಳಿದೆಯೆಂದು ಆಗ ತೋರಿತು. 2002ರಲ್ಲಿ 1.16 ಆಂಗ್‌ಸ್ಟ್ರಾಂನಷ್ಟು ಸೂಕ್ಷ್ಮವಾಗಿ ನೋಡಿದಾಗ ಅದೇ ಟೊಳ್ಳಿನಲ್ಲಿ ಒಂದು ಹಗುರ ಪರಮಾಣು ಗೋಚರಿಸಿತು. ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ. ಆ ಪರಮಾಣು ಸಾರಜನಕವಿರಬಹುದೆಂದು ಹಲವರು ಭಾವಿಸಿದರು. 2011ರಲ್ಲಿ ಎರಡು ತಂಡಗಳು ಬೇರೆ ಬೇರೆ ವಿಧಾನಗಳಿಂದ ಅದು ಇಂಗಾಲವೆಂದು ತೋರಿಸಿಕೊಟ್ಟವು. ಮೊದಲಿನವರು ಅಸಡ್ಡೆಯಿಂದ ತಪ್ಪಿದವರಲ್ಲ. ಭಾರವಾದ ಪರಮಾಣುಗಳ ನೆರಳಿನಲ್ಲಿ ಹಗುರವಾದುದು ಅವರ ಉಪಕರಣಕ್ಕೆ ಮರೆಯಾಗಿತ್ತು.

ವಿವಾದ ಅಲ್ಲಿಗೂ ಮುಗಿಯಲಿಲ್ಲ. ಕಿಣ್ವಕ್ಕೆ ಸಾರಜನಕ ಅಂಟಿಕೊಂಡ ಸ್ಥಿತಿಯನ್ನು ಕಂಡೆವೆಂದು 2020ರಲ್ಲಿ ಒಂದು ತಂಡ ಪ್ರಕಟಿಸಿತು. ಮರುವರ್ಷವೇ ಇತರರು ಅದೇ ದತ್ತಾಂಶವನ್ನು ಪರಿಶೀಲಿಸಿ ಆಕ್ಷೇಪಿಸಿದರು. ಮೊದಲಿನವರು ಉತ್ತರವನ್ನೂ ಕೊಟ್ಟರು. ಇಂಥ ಲೇಖನಗಳನ್ನು ಒಂದೊಂದಾಗಿ ಓದಿದರೆ ಸಾಲದು, ಜೊತೆಗಿರಿಸಿ ಓದಬೇಕು.

ಆದುದರಿಂದ ಉನ್ನತ ವ್ಯಾಸಂಗಕ್ಕೆ ಹೋಗುವ ವಿದ್ಯಾರ್ಥಿ ಲೇಖನದ ಸಾರಾಂಶವನ್ನು ಕಂಠಪಾಠ ಮಾಡುವುದು ಪ್ರಯೋಜನಕಾರಿಯಲ್ಲ. ಕೇಳಿದ ಪ್ರಶ್ನೆ ಯಾವುದು, ಅಳೆದುದು ಏನು, ಚಿತ್ರ ಮತ್ತು ಕೋಷ್ಟಕಗಳು ತೋರಿಸುವುದೆಷ್ಟು, ಲೇಖಕರು ಊಹಿಸಿದ್ದೆಷ್ಟು ಎಂಬುದನ್ನು ಮೊದಲು ಬೇರ್ಪಡಿಸಬೇಕು. ಅನಂತರ ಆ ಲೇಖನವನ್ನು ಎತ್ತಿ ಹೇಳಿದ ಮುಂದಿನ ಲೇಖನಗಳನ್ನು ಹುಡುಕಬೇಕು. ಇಂಗ್ಲಿಷ್ ಭಾಷೆಯ ತೊಡಕಿಗಿಂತ, ಅಚ್ಚಾದುದೆಲ್ಲ ಅಂತಿಮವೆಂಬ ನಂಬಿಕೆಯೇ ಗ್ರಾಮೀಣ ವಿದ್ಯಾರ್ಥಿಗೆ ಹೆಚ್ಚಿನ ಅಡ್ಡಿ.

ಈ ಅಡ್ಡಿಯನ್ನು ನಿವಾರಿಸುವ ಕೆಲಸ ವಿಶ್ವವಿದ್ಯಾಲಯದಲ್ಲಿ ಆರಂಭವಾಗತಕ್ಕದ್ದಲ್ಲ. ಪ್ರೌಢಶಾಲೆಯ ತರಗತಿಯಲ್ಲಿ ಆರಂಭವಾಗತಕ್ಕದ್ದು. ಉಪಾಧ್ಯಾಯರು ಒಂದು ತೊಗರಿಯ ಬೇರನ್ನು ಮೇಜಿನ ಮೇಲಿರಿಸಿ, "ಇದು ನಮಗೆ ಹೇಗೆ ತಿಳಿಯಿತು?" ಎಂದು ಕೇಳಿದರೆ ಸಾಕು. ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಶಾಲೆಯ ಗ್ರಂಥಭಂಡಾರಕ್ಕೆ ವಿಜ್ಞಾನ ಪತ್ರಿಕೆಗಳನ್ನು ಒದಗಿಸಿದರೆ, ಆ ಪ್ರಶ್ನೆಯನ್ನು ಹಿಂಬಾಲಿಸುವ ದಾರಿಯೂ ಮಕ್ಕಳಿಗೆ ತೆರೆಯುತ್ತದೆ.